ಒಂದು ಗೇಣು ತೆರೆದ ಕಿಟಕಿ

ಪಿರೋಟ್,
ನವೆಂಬರ್ ೨೦, ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಅಮ್ಮಾ,

ಹೇಗಿದ್ದೀ? ಸೊಂಟದ ನೋವು ಹೇಗಿದೆ? ನೀನು ನೋಡಿಕೊಳ್ಳುವ ಹೆಡ್ವಿಗ್ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಮಗ ಬರುವ ತನಕ ಕಾಯಿ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಗ್ರಾತ್ಸ್‌ನಲ್ಲಿ ಹಿಮ ಬಿತ್ತಂತೆ, ವ್ಯಾನಿನ ಮಿಲುತಿನ್ ಹೇಳಿದ. ದಪ್ಪ ಕಾಲುಚೀಲ ಹಾಕಿಕೋ. ಇಲ್ಲಿ ಇನ್ನೂ ಹಿಮವಿಲ್ಲ, ಬೆಟ್ಟದ ಕಡೆಯಿಂದ ಗಾಳಿ ಮಾತ್ರ ಒಂದೇ ಸಮನೆ ಬೀಸುತ್ತಿದೆ. ಕಾಲಿನಾ ಚೆನ್ನಾಗಿದ್ದಾಳೆ. ಉಳಿದದ್ದನ್ನು ಓದುವ ಮುಂಚೆ ಈ ಒಂದು ಸಾಲನ್ನು ಇನ್ನೊಮ್ಮೆ ಓದಿಕೋ. ಕೆಳಗಡೆ ಎರಡನೆಯ ಹಲ್ಲು ಮೂಡಿದೆ, ಕುಂಬಳಕಾಯಿ ಬೇಯಿಸಿ ಕೊಟ್ಟರೆ ಉಗುಳುತ್ತಾಳೆ, ಆಲೂಗಡ್ಡೆಯಾದರೆ ಬಟ್ಟಲು ಬಿಡುವುದಿಲ್ಲ. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು ನನಗೆ ಚಟವಾಗಿಬಿಟ್ಟಿದೆ. ಈ ಸಾಲು ಬರೆಯುವಾಗಲೂ ಒಮ್ಮೆ ಇಟ್ಟು ನೋಡಿದೆ. ನಿದ್ದೆಯ ವಿಷಯ ನನ್ನನ್ನು ಕೇಳಬೇಡ.

ಫೋನಿನಲ್ಲಿ ಮುಗಿಯುವ ಮಾತನ್ನು ಯಾಕೆ ಬರೆಯುತ್ತಿದ್ದಾಳೆ ಎನ್ನುತ್ತೀ. ಫೋನಿನಲ್ಲಿ ನೀನು ನನಗೆ ಒಂದು ವಾಕ್ಯ ಮುಗಿಸಲು ಬಿಡುವುದಿಲ್ಲ, ಅಮ್ಮಾ. ನಾನು ಆಸ್ಪತ್ರೆಯಿಂದ ನಿನಗೆ ಹೇಳುವುದಕ್ಕೂ ಮೊದಲೇ ಎದುರುಮನೆಯ ರುಜಾ ಹೇಳಿಬಿಟ್ಟಿದ್ದಳು, ಅವಳು ಹೇಳಿದ್ದೇ ನಿನ್ನ ತಲೆಯಲ್ಲಿ ಕೂತಿದೆ. "ಆ ಮುದುಕಿ ಇನ್ನು ನಮ್ಮ ಹೊಸ್ತಿಲು ದಾಟಕೂಡದು. ನಾನು ಶನಿವಾರ ಹೊರಟು ಬರ್ತೀನಿ" ಎಂದು ನೀನು ಫೋನು ಇಟ್ಟುಬಿಟ್ಟೆ. ಮಿಲುತಿನ್ ನಾಳೆ ಬೆಳಗಾಗುವ ಮುಂಚೆ ನಿನ್ನ ಊರಿನ ಕಡೆಗೆ ವ್ಯಾನು ಹೊರಡಿಸುತ್ತಾನೆ, ಪಾರ್ಸಲ್‌ಗಳನ್ನು ಇವತ್ತು ಸಂಜೆಯೇ ಎತ್ತಿಕೊಂಡು ಹೋಗುತ್ತಾನೆ. ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ನಿನಗೆಂದು ಹಿಡಿದಿಟ್ಟಿದ್ದಾನಂತೆ. ಆ ಸೀಟಿನಲ್ಲಿ ಕೂರುವ ಮುಂಚೆ ನನ್ನ ಬಾಯಿಂದ ಎಲ್ಲವನ್ನೂ ಕೇಳು. ಈ ಕಾಗದದ ಜೊತೆಗಿರುವ ಡಬ್ಬದಲ್ಲಿ ನಾನೂ ಪಕ್ಕದ ಮನೆಯ ಸ್ತಾನಾ ಅಜ್ಜಿಯೂ ಸೆಪ್ಟೆಂಬರಿನಲ್ಲಿ ಅಂಗಳದಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಮಾಡಿದ ಐವಾರ್ ಚಟ್ನಿ ಇದೆ, ಕುರಿ ಹಾಲಿನ ಚೀಸ್ ಇದೆ. ಅಜ್ಜಿ ಮಾಡಿದ್ದು ಎಂದು ಎತ್ತಿ ಬದಿಗಿಡಬೇಡ, ತಿನ್ನು.

ನಾನು ಮತ್ತೆ ಕೆಲಸ ಶುರು ಮಾಡಿದಾಗ ಬೀದಿಯಲ್ಲಿ ಏನಾಯಿತೆಂದು ನಿನಗೆ ಅಷ್ಟಿಷ್ಟು ಹೇಳಿದ್ದೆ. ರಾಟರ್‌ಡ್ಯಾಮಿನ ಬಂದರಿನಲ್ಲಿ ಯಾವ ಲಾರಿ ಯಾವ ಬಾಗಿಲಿಗೆ ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂಬುದನ್ನು ಪಿರೋಟಿನ ಹಿಂದಿನ ಕೋಣೆಯಲ್ಲಿ ಕೂತ ಒಬ್ಬಳು ಹೇಳುತ್ತಾಳೆಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಮನೆಯಲ್ಲಿರುವವಳೆಂದರೆ ಬಿಡುವಾಗಿರುವವಳು, ಬಾಗಿಲು ತೆರೆದಿದ್ದರೆ ಕಾಫಿಗೆ ಕರೆದ ಹಾಗೆ. ರುಜಾ ಒಂದು ದಿನ ನೇರ ಒಳಗೆ ಬಂದು ಲ್ಯಾಪ್‌ಟಾಪ್ ಪಕ್ಕದಲ್ಲಿ ಕಾಫಿ ಲೋಟ ಇಟ್ಟು, ಪರದೆಯೊಳಗಿನ ನನ್ನ ಮೇಲಧಿಕಾರಿ ಮರಿಟ್‌ಳನ್ನು ನೋಡಿ, "ಇವಳೇನೇ ನಿನ್ನ ಯಜಮಾನಿ? ಇಷ್ಟು ಸಣ್ಣಗಿದ್ದಾಳೆ, ಇವಳಿಗೆ ಯಾರೂ ಊಟ ಹಾಕಲ್ವಾ?" ಎಂದಳು. ಮರಿಟ್‌ಗೆ ಭಾಷೆ ಬಾರದಿದ್ದುದು ನನ್ನ ಪುಣ್ಯ. ಇನ್ನೊಂದು ದಿನ ಹುಂಜ ಕೂಗಿತು, ಮತ್ತೊಂದು ದಿನ ಸೌದೆ ಕೊಯ್ಯುವ ಯಂತ್ರ. ಕೊನೆಗೆ ಸ್ತಾನಾ ಅಜ್ಜಿಯೇ ಕುರ್ಚಿ ಎಳೆದುಕೊಂಡು ನಮ್ಮ ಬಾಗಿಲಲ್ಲಿ ಕೂತಳು. ಬಂದವರಿಗೆಲ್ಲ "ಒಳಗೆ ಹುಡುಗಿ ಲಾರಿ ಓಡಿಸ್ತಾ ಇದ್ದಾಳೆ, ಅಡ್ಡ ಬರಬೇಡಿ" ಎಂದು ಗದರಿಸಿ ಕಳಿಸುತ್ತಿದ್ದಳು. ನಿನ್ನ ಅಳಿಯ ಸಾಶಾ ವಾರವೆಲ್ಲ ನಿಜವಾದ ಲಾರಿ ಓಡಿಸುತ್ತಾನೆ, ನಾನು ಕೂತಲ್ಲೇ ಓಡಿಸುತ್ತೇನೆ, ಅದರಿಂದ ಮನೆಗೆ ಯಜಮಾನಿ ನಾನೇ ಎಂಬುದು ಅವಳ ತೀರ್ಮಾನ.

ಹಾಗಾಗಿ ಕಾಲಿನಾ ಅವಳ ಕೈಯಲ್ಲಿ ಬೆಳೆಯುತ್ತಿದ್ದಳು. ನಾನು ಹಿಂದಿನ ಕೋಣೆಯಲ್ಲಿ, ಅವರಿಬ್ಬರೂ ಅಡುಗೆಮನೆಯಲ್ಲಿ ಸೌದೆ ಒಲೆಯ ಪಕ್ಕ. ಅಜ್ಜಿಗೆ ಬಾಯಿ ಸುಮ್ಮನಿರುವುದಿಲ್ಲ, ನಿನಗೆ ಗೊತ್ತು. ಮಗುವಿನ ಜೊತೆ, ಬೆಕ್ಕಿನ ಜೊತೆ, ಒಲೆಯ ಜೊತೆ, ತೀರಿಹೋದ ತನ್ನ ಗಂಡನ ಜೊತೆ ಬೆಳಗಿನಿಂದ ಸಂಜೆಯ ತನಕ ಮಾತು. ಎಷ್ಟು ದಪ್ಪ ಹೆಡ್‌ಫೋನ್ ಹಾಕಿದರೂ ಆ ಗೊಣಗು ಗೋಡೆಯೊಳಗಿಂದ ಸಣ್ಣಗೆ ಬರುತ್ತಲೇ ಇರುತ್ತಿತ್ತು. ಕಂಪನಿಯವರು ಅದನ್ನೇ ದೂರಿನ ಮೇಲೆ ದೂರು ಮಾಡಿದ್ದರು. ನನ್ನನ್ನು ಕಾಯಂ ಮಾಡಿಕೊಳ್ಳಬೇಕೋ ಬೇಡವೋ ಎಂಬ ಮೀಟಿಂಗ್ ಹೋದ ವಾರ ಮಂಗಳವಾರ ಇತ್ತು. ಹಿಂದಿನ ದಿನವೇ ಅಜ್ಜಿಯನ್ನು ಕೂರಿಸಿ ಹೇಳಿದೆ: ಅಜ್ಜಿ, ನಾಳೆ ಹತ್ತು ಗಂಟೆಯಿಂದ ಸದ್ದು ಬೇಡ, ಒಲೆಯ ಕಬ್ಬಿಣದ ಬಾಗಿಲು ತೆಗೆದು ಹಾಕುವ ಸದ್ದು ಕೂಡ ಬೇಡ. ಅವಳು ಅದನ್ನು ವೇದವಾಕ್ಯದ ಹಾಗೆ ತಲೆಗೆ ಹಾಕಿಕೊಂಡಳು.

ಮಂಗಳವಾರ ಬೆಳಿಗ್ಗೆ ಬಂದವಳೇ ಒಲೆಯ ತುಂಬ ಸೌದೆ ತುಂಬಿದಳು. ನಡುವೆ ಒಲೆಯ ಬಾಗಿಲು ತೆಗೆದು ಮತ್ತೆ ಹಾಕುವ ಹಾಗಿಲ್ಲವಲ್ಲ, ಸೌದೆ ಕೆಂಡವಾದ ಮೇಲೆ ನಿಧಾನವಾಗಿ ಉರಿಯಲೆಂದು ಹೊಗೆಕೊಳವೆಯೊಳಗಿನ ತಗಡಿನ ಹಿಡಿಯನ್ನು ತಿರುಗಿಸಿ ಹೊಗೆಯ ದಾರಿಯನ್ನು ಪೂರ್ತಿ ಮುಚ್ಚಿದಳು. ಅರ್ಧ ಮುಚ್ಚುವುದು ಈ ಊರಿನಲ್ಲಿ ಎಲ್ಲರ ಅಭ್ಯಾಸ. ನೀನೂ ಹಾಗೇ ಮಾಡುತ್ತಿದ್ದೆ, "ಸೌದೆ ಸುಟ್ಟು ಆಕಾಶಾನ ಯಾಕೆ ಬೆಚ್ಚಗೆ ಮಾಡಬೇಕು?" ಎನ್ನುತ್ತಿದ್ದೆ. ಪಿರೋಟಿನವರು ಹೊಗೆಯನ್ನೂ ಪುಕ್ಕಟೆ ಬಿಡುವುದಿಲ್ಲ ಎಂದು ಪಕ್ಕದ ಪಟ್ಟಣ ನಿಶ್‌ನವರು ನಗುವುದು ಸುಮ್ಮನೆ ಅಲ್ಲ. ಕಾಲಿನಾಗೆ ಭಾನುವಾರದಿಂದ ಸ್ವಲ್ಪ ನೆಗಡಿ ಇತ್ತು. ಅಡ್ಡಗಾಳಿ ಹೊಡೆಯಬಾರದೆಂದು ನೀನು ಹೊರಡುವ ಮುಂಚೆ ಹೊಲಿದು ಉಣ್ಣೆ ತುಂಬಿಟ್ಟಿದ್ದ ಬಟ್ಟೆಯ ಹಾವುಗಳನ್ನು ತಂದು ಕಿಟಕಿಯ ಸಂದಿಗೊಂದು, ಅಂಗಳದ ಬಾಗಿಲಿಗೊಂದು ಒತ್ತಿದಳು. ಕಿಟಕಿಯ ಅಂಚಿಗೆ ನೀನು ಅಂಟಿಸಿದ್ದ ಟೇಪು ಹೇಗೂ ಇತ್ತು. ಮೂರನೆಯ ಹಾವನ್ನು ನನ್ನ ಕೋಣೆಯ ಬಾಗಿಲ ಕೆಳಗೆ ಹೊರಗಡೆಯಿಂದ ಇಟ್ಟಳು. ಅದು ಗಾಳಿಗಲ್ಲ, ನನಗೆ ಸದ್ದು ಬಾರದಿರಲೆಂದು. ಅದರಿಂದಲೇ ನನ್ನ ಕೋಣೆಗೆ ಏನೂ ಬರಲಿಲ್ಲ.

ಮೀಟಿಂಗ್ ಚೆನ್ನಾಗಿಯೇ ನಡೆಯುತ್ತಿತ್ತು, ಅಮ್ಮಾ. ಅಷ್ಟು ಚೆನ್ನಾಗಿ ಯಾವತ್ತೂ ನಡೆದಿರಲಿಲ್ಲ. ಮರಿಟ್ ಜೊತೆ ಇನ್ನಿಬ್ಬರಿದ್ದರು, ಕೇಳಿದ್ದಕ್ಕೆಲ್ಲ ನಾನು ತಡವರಿಸದೆ ಉತ್ತರ ಕೊಟ್ಟೆ. ಅಡುಗೆಮನೆಯಿಂದ ಒಂದು ಚಮಚದ ಸದ್ದೂ ಇಲ್ಲ. ಅಜ್ಜಿ ಮಾತು ಉಳಿಸಿಕೊಂಡಳು, ಸಂಜೆ ಅವಳಿಗೆ ಬೇಕರಿಯ ಗಸಗಸೆ ರೊಟ್ಟಿ ತಂದುಕೊಡಬೇಕು ಎಂದುಕೊಂಡೆ. ಆಗ ಮರಿಟ್ ನಕ್ಕು ಹೇಳಿದಳು: "ಇವತ್ತು ನಿಮ್ಮ ಮನೆ ಎಷ್ಟು ನಿಶ್ಶಬ್ದವಾಗಿದೆ, ದುನ್ಯಾ. ಮನೇಲಿ ಯಾರೂ ಇಲ್ಲವೇನೋ ಅನ್ನಿಸ್ತಿದೆ." ನಾನೂ ನಗಲು ಹೋದೆ, ನಗು ಬರಲಿಲ್ಲ. ಆ ಹೊತ್ತಿಗೆ ಕಾಲಿನಾಗೆ ಹಸಿವಾಗುತ್ತದೆ, ಅವಳು ರಾಗ ಎಳೆಯಬೇಕು. ಅವಳು ಅಳದಿದ್ದರೂ ಅಜ್ಜಿ ಗೊಣಗಬೇಕು. ಅಜ್ಜಿ ಚರ್ಚಿನಲ್ಲೇ ಬಾಯಿ ಮುಚ್ಚದವಳು, ನನ್ನ ಮೀಟಿಂಗಿಗೆ ಮುಚ್ಚುತ್ತಾಳೆಯೇ? ಮರಿಟ್ ಮಾತಾಡುತ್ತಲೇ ಇದ್ದಳು. ಇನ್ನೆರಡು ನಿಮಿಷ ಕೂತರೆ ಮುಗಿಯುತ್ತಿತ್ತು. ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ ಎದ್ದೆ.

ಬಾಗಿಲು ತೆಗೆಯಲು ಬಟ್ಟೆಯ ಹಾವು ಅಡ್ಡವಾಗಿತ್ತು, ಭುಜ ಕೊಟ್ಟು ತಳ್ಳಿದೆ. ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ, ಬೆಚ್ಚಗೆ ಹಿತವಾಗಿತ್ತು. ಅಜ್ಜಿ ನಿನ್ನ ಕುರ್ಚಿಯಲ್ಲಿ ಎದೆಗೆ ಗಲ್ಲ ತಾಗಿಸಿ ಕೂತಿದ್ದಳು, ಕೆನ್ನೆ ಸೇಬಿನ ಹಾಗೆ ಕೆಂಪು. ನಿದ್ದೆ ಎಂದುಕೊಂಡು ಅರೆಕ್ಷಣ ಸಮಾಧಾನವೂ ಆಯಿತು. ಆಮೇಲೆ ಕಾಲಿನಾಳನ್ನು ತೊಟ್ಟಿಲಿನಿಂದ ಎತ್ತಿದೆ, ಅವಳ ತಲೆ ನನ್ನ ತೋಳಿನಿಂದ ಜಾರಿ ಹಿಂದಕ್ಕೆ ಬಿತ್ತು. ಕೂಗಿದೆ, ಅಲುಗಿಸಿದೆ, ಕಣ್ಣು ತೆರೆಯಲಿಲ್ಲ. ಕಿಟಕಿ ಎಳೆದೆ, ನಿನ್ನ ಟೇಪು ಬಿಡಲಿಲ್ಲ. ಒಲೆಯ ಮೇಲಿದ್ದ ಕಾಫಿಯ ಹಿತ್ತಾಳೆ ಪಾತ್ರೆಯಿಂದ ಗಾಜು ಒಡೆದೆ, ಅಂಗಳದ ಬಾಗಿಲನ್ನು ಒದ್ದು ತೆರೆದೆ. ಹುಟ್ಟಿದಾಗಿನಿಂದ ಯಾವ ಅಡ್ಡಗಾಳಿಗೆ ನೀವೆಲ್ಲ ನನ್ನನ್ನು ಹೆದರಿಸಿದ್ದಿರೋ ಆ ಗಾಳಿಯನ್ನು ನಾನೇ ಮನೆಯೊಳಗೆ ಕರೆದೆ. ಅದು ಬಾಗಿಲಿನಿಂದ ನುಗ್ಗಿ ಕಿಟಕಿಯಿಂದ ಹೊರಗೆ ಹೋಯಿತು, ಪರದೆ ಬಟ್ಟೆ ಕಿತ್ತುಕೊಂಡು ಹೋಯಿತು.

ಅಂಗಳದಲ್ಲಿ ಮಗುವನ್ನು ಗಾಳಿಗೆ ಎದುರಾಗಿ ಹಿಡಿದು ನಿಂತಿದ್ದೆ. ರುಜಾ ಬೇಲಿಯ ಆಚೆಯಿಂದ ನೋಡಿ ಬಯ್ಯತೊಡಗಿದಳು, "ಟೋಪಿ ಎಲ್ಲೇ ಮಗೂಗೆ? ಕಾಲೇಜು ಓದಿದವಳು, ಇಷ್ಟೂ ತಿಳಿಯಲ್ವೇನೇ ನಿನಗೆ?" ನನ್ನ ಮುಖ ನೋಡಿ ಅವಳು ಬೇಲಿ ಹಾರಿ ಬಂದಳು, ಅರುವತ್ತು ದಾಟಿದವಳು. ಅವಳು ಬಂದು ಮುಟ್ಟುವುದಕ್ಕೂ ಕಾಲಿನಾ ನನ್ನ ಎದೆಯ ಮೇಲೆ ವಾಂತಿ ಮಾಡುವುದಕ್ಕೂ ಸರಿಹೋಯಿತು. ಆಮೇಲೆ ಅತ್ತಳು, ಅಮ್ಮಾ. ಅಂಥ ಅಳುವನ್ನು ನಾನು ಇನ್ನು ಯಾವತ್ತೂ ಸುಮ್ಮನಾಗಿಸಲಾರೆ. ಮಗುವನ್ನು ಒಂದು ಕೈಯಲ್ಲಿ ಅವುಚಿಕೊಂಡು ನಾನೂ ರುಜಾಳೂ ಅಜ್ಜಿಯ ಕಂಕುಳಿಗೆ ಕೈಹಾಕಿ ಹೊಸ್ತಿಲಿನಾಚೆ ಎಳೆದುಹಾಕಿದೆವು. ಬಹಳ ಹೊತ್ತಾದ ಮೇಲೆ ಅವಳು ಕಣ್ಣು ಬಿಟ್ಟಳು. ಮೊದಲು ಆಡಿದ ಮಾತು ಇದು: "ಬಾಗಿಲು ಹಾಕ್ರೇ, ಮಗೂಗೆ ಗಾಳಿ ಬಡೀತದೆ."

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು, ಅಕ್ಕಪಕ್ಕದ ಹಾಸಿಗೆ. ಮುಚ್ಚಿದ ಒಲೆಯ ವಿಷಗಾಳಿ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರತಿ ಚಳಿಗಾಲ ಇದೇ ಕೆಲಸ ನಮಗೆ ಎಂದು ಚಿಕ್ಕ ವಯಸ್ಸಿನ ಡಾಕ್ಟರ್ ಬೇಸರದಿಂದ ಹೇಳಿದ. ಕಾಲಿನಾಗೆ ಏನೂ ತೊಂದರೆ ಉಳಿದಿಲ್ಲ, ಎರಡೆರಡು ಸಲ ಪರೀಕ್ಷೆ ಮಾಡಿದ್ದಾರೆ. ಅಜ್ಜಿ ಮಾತ್ರ ಮುಖಕ್ಕೆ ಮುಸುಕು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದವಳು ಮಗುವಿನ ಕಡೆ ಒಮ್ಮೆಯೂ ತಿರುಗಲಿಲ್ಲ.

ಇತ್ತ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತಂತೆ. ಮಗುವಿನ ಕಂಬಳಿ ತರಲು ಒಳಗೆ ಹೋದ ರುಜಾಗೆ ಪರದೆಯೊಳಗಿಂದ ಮರಿಟ್ ನನ್ನ ಹೆಸರು ಹಿಡಿದು ಕೂಗುತ್ತಿರುವುದು ಕಂಡಿತು. ಗಾಜು ಒಡೆದದ್ದು, ನಾನು ಅರಚಿದ್ದು ಎಲ್ಲ ಅವರಿಗೆ ಕೇಳಿಸಿತ್ತು. ರುಜಾ ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿ, ಗಂಟಲು ಹಿಡಿದು ತೋರಿಸಿ, ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡಳಂತೆ. ಮಗು ಸತ್ತೇಹೋಯಿತು ಎಂದುಕೊಂಡು ಮರಿಟ್ ಅಳುತ್ತಾ ಕೂತಿದ್ದಳು, ಸಂಜೆ ನಾನು ಫೋನು ಮಾಡುವ ತನಕ. ಈಗ ರುಜಾ, "ಆ ಸಣ್ಣಕಿ ಒಳ್ಳೆಯವಳು ಕಣೇ, ನಿನಗೋಸ್ಕರ ಅತ್ಲು" ಎನ್ನುತ್ತಾಳೆ.

ಒಳ್ಳೆಯವಳೇ. ಆದರೆ ಕಂಪನಿಯ ನಿಯಮ ಅವಳ ಕೈಯಲ್ಲಿಲ್ಲ. ಮನೆಯಿಂದ ಕೆಲಸ ಮಾಡುವವಳ ಮಗುವನ್ನು ಆ ಹೊತ್ತಿನಲ್ಲಿ ಬೇರೊಬ್ಬ ದೊಡ್ಡವರು ನೋಡಿಕೊಳ್ಳಲೇಬೇಕು, ಅದು ಯಾರೆಂದು ಸೋಮವಾರದೊಳಗೆ ತಿಳಿಸು, ತಿಳಿಸಿದರೆ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೆ ಮುಗಿಯಿತು ಎಂದಿದ್ದಾಳೆ. ಊರಿನ ಶಿಶುವಿಹಾರದಲ್ಲಿ ವರ್ಷ ತುಂಬದ ಮಗುವನ್ನು ತೆಗೆದುಕೊಳ್ಳುವುದಿಲ್ಲ. ಸಾಶಾ, "ಬಿಟ್ಹಾಕು ಕಣೇ, ಆಸ್ಟ್ರಿಯಾಗೇ ಹೋಗಿಬಿಡೋಣ, ಎಲ್ರೂ ಹೋಗ್ತಿದ್ದಾರಲ್ಲ" ಎನ್ನುತ್ತಾನೆ. ಎಲ್ಲರೂ ಹೋಗುತ್ತಿದ್ದಾರೆ, ನಾವಾದರೂ ಇಲ್ಲೇ ಉಳಿಯೋಣ ಎಂದೇ ತಾನೇ ನಾನು ಈ ಕೆಲಸ ಹುಡುಕಿಕೊಂಡದ್ದು? ಈ ಬೀದಿಯಲ್ಲಿ ಮಗುವಿನ ಬಟ್ಟೆ ಒಣಗುವುದು ನಮ್ಮ ಮನೆಯ ಹಗ್ಗದ ಮೇಲೆ ಮಾತ್ರ. ಮತ್ತೆ ನೀನು, ಬ್ಯಾಗು ಕಟ್ಟಿಕೊಂಡು ಕೂತಿದ್ದೀ. ವಸಂತದ ತನಕ ಇದ್ದರೆ ನಿನಗೆ ಅಲ್ಲಿನ ಪಿಂಚಣಿ ಸಿಗುತ್ತದೆ, ಈಗ ಎದ್ದು ಬಂದರೆ ಇಷ್ಟು ವರ್ಷ ಸೊಂಟ ಮುರಿದುಕೊಂಡದ್ದು ದಂಡ. ಹೆಡ್ವಿಗ್ ಅಜ್ಜಿ ಬೇರೆ ಯಾರ ಕೈಯಿಂದಲೂ ಸೂಪು ಕುಡಿಯುವುದಿಲ್ಲ ಎಂದು ನೀನೇ ಹೇಳಿದ್ದೆ. ನೀನು ಬರಬೇಕೆಂದು ನನಗೆ ಎಷ್ಟು ಆಸೆ ಎಂದು ಬರೆದರೆ ನೀನು ನಡೆದುಕೊಂಡಾದರೂ ಬಂದುಬಿಡುತ್ತೀ, ಅದಕ್ಕೇ ಬರೆಯುವುದಿಲ್ಲ.

ಸ್ತಾನಾ ಅಜ್ಜಿ ಭಾನುವಾರ ಮನೆಗೆ ಬಂದಳು. ಅವತ್ತಿನಿಂದ ಅವಳ ಕಿಟಕಿಯ ಬಾಗಿಲುಗಳು ಮುಚ್ಚಿವೆ, ಹೊಗೆಗೂಡಿನಿಂದ ಹೊಗೆ ಬಂದಿಲ್ಲ. ಈ ಚಳಿಯಲ್ಲಿ ಒಲೆ ಹಚ್ಚದೆ ಕೂತಿದ್ದಾಳೆ. ಸೂಪು ತೆಗೆದುಕೊಂಡು ಹೋಗಿ ಬಾಗಿಲು ಬಡಿದೆ, ತೆರೆಯಲಿಲ್ಲ. ಒಳಗಿನಿಂದಲೇ, "ಹೋಗು ಮಗಾ. ನಿಮ್ಮಮ್ಮ ನನ್ನನ್ನ ನಂಬಿ ಹೋಗಿದ್ಲು" ಎಂದಳು, ಅಷ್ಟೇ. ಗೋಡೆಗೆ ಕಿವಿ ಇಟ್ಟು ಕೇಳಿದೆ. ಬೆಕ್ಕಿನ ಜೊತೆ ಕೂಡ ಮಾತಿಲ್ಲ. ಚಳಿಗಾಲಕ್ಕೆ ಹುಳಿ ಬರಲೆಂದು ನಾವಿಬ್ಬರೂ ಸೇರಿ ಉಪ್ಪುನೀರಿನಲ್ಲಿ ಕೋಸು ಹಾಕಿಟ್ಟ ಪೀಪಾಯಿ ನಮ್ಮ ಅಂಗಳದಲ್ಲೇ ಇದೆ, ದಿನಾ ಬೆಳಿಗ್ಗೆ ನಳಿಕೆ ಇಳಿಸಿ ಊದಿ ಉಪ್ಪುನೀರನ್ನು ಕದಡುತ್ತಿದ್ದವಳು ಅವಳು. ಈಗ ಮೇಲೆ ಬಿಳಿ ಪೊರೆ ಕಟ್ಟುತ್ತಿದೆ, ನನಗೆ ಅದನ್ನು ಊದಲು ಬರುವುದಿಲ್ಲ.

ಬೀದಿಯವರೆಲ್ಲ ಇನ್ನೊಮ್ಮೆ ಆ ಮುದುಕಿಯ ಕೈಗೆ ಮಗು ಕೊಡಬೇಡ ಎನ್ನುತ್ತಾರೆ. ನನಗೂ ಭಯ ಇಲ್ಲವೆಂದಲ್ಲ, ಭಯವೇ ಇದೆ, ಅದನ್ನೇ ತಿಂದು ಅದನ್ನೇ ಕುಡಿಯುತ್ತಿದ್ದೇನೆ. ಆದರೆ ಯೋಚಿಸಿ ನೋಡು, ಅಮ್ಮಾ. ನೀನು ರಬ್ಬರ್ ಕಾರ್ಖಾನೆಯ ಪಾಳಿಗೆ ಹೋಗುವಾಗ ನನ್ನನ್ನು ಯಾರ ಒಲೆಯ ಪಕ್ಕ ಬಿಟ್ಟು ಹೋಗುತ್ತಿದ್ದೆ? ಸದ್ದು ಬೇಡ ಎಂದವಳು ನಾನು, ಕಿಟಕಿಗೆ ಟೇಪು ಹಾಕಿದವಳು ನೀನು, ಹೊಗೆಯ ದಾರಿ ಮುಚ್ಚಿದವಳು ಅವಳು. ಮೂವರಿಗೂ ಇದ್ದ ಚಿಂತೆ ಒಂದೇ, ಮಗುವಿಗೆ ತೊಂದರೆಯಾಗಬಾರದು. ಅವಳೊಬ್ಬಳನ್ನೇ ಹೊಸ್ತಿಲಿನಾಚೆ ನಿಲ್ಲಿಸಿದರೆ ಹೇಗೆ? ಸಾಶಾ ಹಂಗೇರಿಯಿಂದ ಒಂದು ಬಿಳಿ ಡಬ್ಬಿ ತಂದು ಅಡುಗೆಮನೆಯ ಗೋಡೆಗೆ ಹಾಕಿದ್ದಾನೆ, ವಿಷಗಾಳಿ ಬಂದರೆ ಕಿರುಚುತ್ತದೆ. ಒಡೆದ ಗಾಜು ಹಾಕಿಸಿದ್ದೇನೆ, ಟೇಪು ಕಿತ್ತಿದ್ದೇನೆ. ಹೊಗೆಕೊಳವೆಯ ಹಿಡಿ ಇನ್ನು ತಿರುಗದ ಹಾಗೆ ತಂತಿ ಬಿಗಿದಿದ್ದೇನೆ. ಉಳಿದಿರುವುದು ಅಜ್ಜಿಯನ್ನು ಹೊರಗೆ ತರುವುದು. ಕೂಗಿ ಕರೆದರೆ ಬರುವವಳಲ್ಲ. ಈಗ ಬರೆಯುತ್ತಾ ಒಂದು ಉಪಾಯ ಹೊಳೆಯಿತು, ಹೇಳಿದರೆ ನೀನು ಬಯ್ಯುತ್ತೀ. ಕಾಲಿನಾ ಏಳುತ್ತಿದ್ದಾಳೆ, ಕಾಗದವನ್ನು ಇಲ್ಲಿಗೆ ಮುಗಿಸುತ್ತೇನೆ.

ಹೆಡ್ವಿಗ್ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಅವರ ಕಾಲಿಗೆ ಎಣ್ಣೆ ತಿಕ್ಕುವಾಗ ನಿನ್ನ ಕಾಲಿಗೂ ಒಂದಿಷ್ಟು ತಿಕ್ಕಿಕೋ. ಮುಂದಿನ ತಿಂಗಳು ಸಂತ ನಿಕೊಲಾನ ಹಬ್ಬಕ್ಕೆ ದೀಪದ ಪಕ್ಕದಲ್ಲಿ ನಿನ್ನ ಕುರ್ಚಿ ಇರುತ್ತದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕಾಲಿನಾಳ ಪರವಾಗಿ ಎರಡೂ ಕೆನ್ನೆಗೆ ಒದ್ದೆ ಮುತ್ತು.

ನಿನ್ನ
ದುನ್ಯಾ

ಮರೆತದ್ದು: ಮಿಲುತಿನ್ ಬೀದಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಉಪಾಯ ಮಾಡಿದೆ. ಕಾಲಿನಾಗೆ ಕೋಟು, ಶಾಲು ಎಲ್ಲ ಹಾಕಿ ಟೋಪಿ ಮಾತ್ರ ಹಾಕದೆ ಎತ್ತಿಕೊಂಡು ಹೋಗಿ ಅಜ್ಜಿಯ ಕಿಟಕಿಯೆದುರು ಗಾಳಿಯಲ್ಲಿ ಸುಮ್ಮನೆ ನಿಂತೆ. ಬಾಗಿಲು ಬಡಿಯಲಿಲ್ಲ, ಕರೆಯಲೂ ಇಲ್ಲ. ಸಂದಿಯಲ್ಲಿ ಏನೋ ಅಲುಗಿತು, ಸ್ವಲ್ಪ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. "ಟೋಪಿ ಎಲ್ಲೇ, ಬುದ್ಧಿಗೇಡಿ? ಮಗೂನ ಸಾಯಿಸ್ತೀಯಾ?" ಎಂದು ಕೂಗಿದವಳು ತನ್ನ ಮಾತು ತನಗೇ ಕೇಳಿಸಿ ನಿಂತುಬಿಟ್ಟಳು. ನಾನು ಮಗುವನ್ನು ಅವಳ ಕೈಗೆ ಕೊಟ್ಟೆ. ಈಗ ಅಜ್ಜಿ ನಮ್ಮ ಅಡುಗೆಮನೆಯಲ್ಲಿದ್ದಾಳೆ. ಬಂದವಳೇ ಕಿಟಕಿಯನ್ನು ಒಂದು ಗೇಣು ತೆರೆದು, ಅದು ಮುಚ್ಚದ ಹಾಗೆ ನೀನು ಹೊಲಿದ ಬಟ್ಟೆಯ ಹಾವನ್ನೇ ನಡುವೆ ತುರುಕಿದಳು. ಸೊಂಟಕ್ಕೆ ಉಣ್ಣೆಯ ಶಾಲು ಬಿಗಿದುಕೊಂಡು, ಗಾಳಿಗೆ ಬೆನ್ನು ಕೊಟ್ಟು ಮಗುವಿಗೆ ಮರೆಯಾಗಿ ಕೂತಿದ್ದಾಳೆ. ಗೋಡೆಯ ಬಿಳಿ ಡಬ್ಬಿಯನ್ನು "ಪೊಲೀಸಪ್ಪ" ಎಂದು ಬಯ್ಯುತ್ತಿದ್ದಾಳೆ. ಗೊಣಗು ಗೋಡೆಯೊಳಗಿಂದ ಕೇಳುತ್ತಿದೆ, ಅಮ್ಮಾ. ಮರಿಟ್‌ಗೆ ಅವಳ ಹೆಸರನ್ನೇ ಕಳಿಸಿದೆ. ನಿನ್ನ ಸೀಟನ್ನು ಬೇರೆಯವರಿಗೆ ಕೊಡು ಎಂದು ಮಿಲುತಿನ್‌ಗೆ ಹೇಳುತ್ತಿದ್ದೇನೆ, ಬಯ್ಯುವುದಿದ್ದರೆ ಹಬ್ಬಕ್ಕೆ ಬಂದಾಗ ಬಯ್ಯಿ. ಇದಕ್ಕೆಲ್ಲ ನಿನ್ನಿಂದ ಬೇಕಾದದ್ದು ಒಂದೇ. ಪ್ರತಿ ಭಾನುವಾರ ನೀನು ಅಜ್ಜಿಗೆ ಫೋನು ಮಾಡುತ್ತಿದ್ದೆ, ಈ ಸಲ ಮಾಡಲಿಲ್ಲ. ಅವಳು ಕೇಳಲಿಲ್ಲ, ಆದರೆ ಫೋನನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದಾಳೆ, ಆಗಾಗ ಮುಟ್ಟಿ ನೋಡುತ್ತಾಳೆ, ನಾನು ಕಾಲಿನಾಳ ಮೂಗಿನ ಕೆಳಗೆ ಬೆರಳಿಟ್ಟು ನೋಡುವ ಹಾಗೆ. ಈ ಭಾನುವಾರ ಮಾಡು. ಒಲೆಯ ಮಾತು ಎತ್ತಬೇಡ, ಕ್ಷಮಿಸಿದೆ ಎಂದೂ ಹೇಳಬೇಡ. ಪೀಪಾಯಿಯ ಕೋಸು ಹೇಗಿದೆ ಎಂದು ಕೇಳು, ಅಷ್ಟು ಸಾಕು.